ಮಗ್ಗಕ್ಕೆ ರಂಧ್ರದ ಲಿಪಿ ಕಲಿಸಿದ ಜಕಾರ್ಡ್

ಕಲಬುರಗಿ ನಗರದ ಮೋಮಿನಪುರದ ಹೆಸರಿನಲ್ಲಿಯೇ ಮಗ್ಗದ ನೆನಪು ಅಡಗಿದೆ. ಮೋಮಿನ್ ಎಂಬುದು ಅರಬ್ಬಿ ಮೂಲದ ಶಬ್ದ. ಶ್ರದ್ಧಾವಂತ ಎಂಬುದು ಅದರ ಅರ್ಥ. ದಖ್ಖನ್ನಿನಲ್ಲಿಯೂ ಉತ್ತರ ಭಾರತದಲ್ಲಿಯೂ ಮುಸ್ಲಿಂ ನೇಕಾರರು ಈ ಹೆಸರಿನಿಂದ ತಮ್ಮನ್ನು ಗುರುತಿಸಿಕೊಂಡರು. ನಾಗಪುರ, ಮುಂಬೈಗಳಲ್ಲಿಯೂ ಇದೇ ಹೆಸರಿನ ಮೊಹಲ್ಲಾಗಳಿವೆ. ಕಲಬುರಗಿ ಸೀಮೆಗೂ ನೇಯ್ಗೆಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಆದ್ಯ ವಚನಕಾರರಲ್ಲಿ ಒಬ್ಬನೆನಿಸಿದ ದೇವರ ದಾಸಿಮಯ್ಯ ವೃತ್ತಿಯಿಂದ ನೇಕಾರ. ಹಿಂದೆ ಕಲಬುರಗಿ ಜಿಲ್ಲೆಯಲ್ಲಿದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಮುದನೂರು ಆತನ ಊರು. ನಿಜಾಮರ ಕಾಲದಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಎಂಎಸ್‌ಕೆ ಮಿಲ್ಲಿನ ಹೆಸರು ನಗರದ ಒಂದು ಭಾಗಕ್ಕೆ ಇಂದಿಗೂ ಅಂಟಿಕೊಂಡಿದೆ.

ರಾಜ್ಯದ ನೇಕಾರರ ಬಾಯಲ್ಲಿ ದಿನವೂ ಸುಳಿದಾಡುವ ಒಂದು ಶಬ್ದವಿದೆ. ಅದು ಜಕಾರ್ಡ್. ದೊಡ್ಡಬಳ್ಳಾಪುರ, ಆನೇಕಲ್ ಮೊದಲಾದ ಊರುಗಳಲ್ಲಿ ರೇಷ್ಮೆ ಸೀರೆಯ ಅಂಚಿಗೆ, ಸೆರಗಿಗೆ ಹೂಬಳ್ಳಿ ಮೂಡಿಸಲು ಮಗ್ಗದ ಮೇಲೆ ಕೂರಿಸುವ ಯಂತ್ರವನ್ನು ಎಲ್ಲರೂ ಹಾಗೆಂದೇ ಕರೆಯುತ್ತಾರೆ. ಅದು ಯಂತ್ರದ ಹೆಸರೆಂದು ಬಲ್ಲವರು ಬಹಳ. ಫ್ರಾನ್ಸಿನ ಒಬ್ಬ ಬಡಪಾಯಿ ನೇಕಾರನ ಮನೆತನದ ಹೆಸರೆಂದು ಬಲ್ಲವರು ವಿರಳ. ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳಲ್ಲಿ ಕುಳಿತು ಪ್ರೋಗ್ರಾಮಬಲ್ ಲಾಜಿಕ್ ಸಾಧನಗಳನ್ನು ರೂಪಿಸುವ ಎಂಜಿನಿಯರುಗಳ ವಂಶವೃಕ್ಷದಲ್ಲಿಯೂ ಆತನಿಗೆ ಸ್ಥಾನವಿದೆ ಎಂದರೆ ಅಚ್ಚರಿಯಾಗಬಹುದು. ಆದರೆ ಅದು ನಿಜ.

ಲಿಯೋನಿನ ನೇಕಾರರ ಕೇರಿ

ಜೋಸೆಫ್ ಮೇರಿ ಜಕಾರ್ಡ್ ಹುಟ್ಟಿದ್ದು 1752ರ ಜುಲೈ 7ರಂದು, ಫ್ರಾನ್ಸಿನ ಲಿಯೋನ್ ನಗರದಲ್ಲಿ. ಯುರೋಪಿನ ರೇಷ್ಮೆ ವ್ಯಾಪಾರಕ್ಕೆ ಲಿಯೋನ್ ಅಂದು ರಾಜಧಾನಿಯಂತಿತ್ತು. ಅರಮನೆಗಳ ಪರದೆ, ಪಾದ್ರಿಗಳ ನಿಲುವಂಗಿ, ಶ್ರೀಮಂತರ ಉಡುಪು ಎಲ್ಲಕ್ಕೂ ಬೇಕಾದ ಚಿತ್ತಾರದ ರೇಷ್ಮೆ ಅಲ್ಲಿಂದಲೇ ಹೋಗುತ್ತಿತ್ತು. ತಂದೆ ಸ್ವಂತ ಮಗ್ಗಗಳನ್ನಿಟ್ಟುಕೊಂಡಿದ್ದ ಕುಶಲ ನೇಕಾರ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಇಬ್ಬರೇ. ಜೋಸೆಫ್ ಮತ್ತು ಆತನ ಅಕ್ಕ. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು.

ಬಾಲಕನಿಗೆ ಶಾಲೆಯ ಭಾಗ್ಯವಿರಲಿಲ್ಲ. ಹದಿಮೂರರ ವಯಸ್ಸಿನವರೆಗೂ ಓದುಬರಹ ಅರಿಯದಿದ್ದ ಆತನಿಗೆ ಅಕ್ಷರ ಕಲಿಸಿದ್ದು ಪುಸ್ತಕ ಮತ್ತು ಮುದ್ರಣದ ವ್ಯವಹಾರ ನಡೆಸುತ್ತಿದ್ದ ಭಾವ. ತಂದೆಯ ಮಗ್ಗದ ಬಳಿ ಸಹಾಯಕನಾಗಿ ದುಡಿಯುವ ಶಕ್ತಿ ಆತನ ಮೈಯಲ್ಲಿರಲಿಲ್ಲವೆಂದು ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿಗೆ ಹಾಕಲಾಯಿತು.

ಆ ಮಗ್ಗದ ಕೆಲಸ ಎಂಥದೆಂಬುದನ್ನು ತಿಳಿಯದೆ ಜಕಾರ್ಡನ ಬದುಕು ಅರ್ಥವಾಗದು. ಬಟ್ಟೆಯಲ್ಲಿ ಉದ್ದಕ್ಕೆ ಹರಡಿದ ಎಳೆಗಳು ಹಾಸು, ಅಡ್ಡಲಾಗಿ ಲಾಳಿ ಎಳೆದೊಯ್ಯುವುದು ಹೊಕ್ಕು. ಚಿತ್ತಾರ ಮೂಡಬೇಕಾದರೆ ಪ್ರತಿಯೊಂದು ಹೊಕ್ಕಿಗೂ ಮುನ್ನ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂಬುದು ನಿರ್ಧಾರವಾಗಬೇಕು. ಹಳೆಯ ಮಗ್ಗದಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಒಬ್ಬ ಹುಡುಗ ಅಥವಾ ಹುಡುಗಿ. ನೇಕಾರನ ಬದಿಯಲ್ಲಿ ಬಾಗಿ ನಿಂತು, ದಿನವಿಡೀ ಭಾರವಾದ ಹಗ್ಗಗಳ ಕಟ್ಟನ್ನು ಆರಿಸಿ ಎಳೆಯಬೇಕು. ಒಂದು ಹಗ್ಗ ತಪ್ಪಿದರೂ ಬಟ್ಟೆ ಕೆಟ್ಟಿತು. ಇಬ್ಬರ ದಿನವಿಡೀ ದುಡಿಮೆಗೆ ಕೆಲವು ಅಂಗುಲ ಬಟ್ಟೆ ದಕ್ಕಿದರೆ ಅದೇ ಹೆಚ್ಚು. ಬೆನ್ನು ಬಾಗಿದ ಆ ಮಕ್ಕಳ ಬವಣೆಯನ್ನು ಜಕಾರ್ಡ್ ಕಂಡಿದ್ದ, ಸ್ವಲ್ಪಕಾಲ ಉಂಡೂ ಇದ್ದ.

ಸೋಲಿನ ಮೇಲೆ ಸೋಲು

1772ರಲ್ಲಿ ತಂದೆ ತೀರಿಕೊಂಡಾಗ ಮನೆ, ಮಗ್ಗ, ಸ್ವಲ್ಪ ಜಮೀನು ಮಗನ ಪಾಲಿಗೆ ಬಂದವು. 1778ರಲ್ಲಿ ಕ್ಲೋದಿನ್ ಎಂಬಾಕೆಯೊಡನೆ ವಿವಾಹವಾಯಿತು, ಮರುವರ್ಷ ಮಗನೊಬ್ಬ ಹುಟ್ಟಿದ. ಆದರೆ ವ್ಯವಹಾರ ಜಕಾರ್ಡನ ಕೈಗೆ ಹತ್ತಲಿಲ್ಲ. ಸಾಲ ಬೆಳೆಯಿತು, ಪಿತ್ರಾರ್ಜಿತ ಆಸ್ತಿ ಒಂದೊಂದಾಗಿ ಕರಗಿತು.

ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಸಿಡಿಯಿತು. 1793ರಲ್ಲಿ ಲಿಯೋನ್ ನಗರ ಪ್ಯಾರಿಸ್ಸಿನ ಸರ್ಕಾರದ ವಿರುದ್ಧ ತಿರುಗಿಬಿದ್ದು ಮುತ್ತಿಗೆಗೆ ಒಳಗಾಯಿತು. ಜಕಾರ್ಡ್ ತನ್ನ ಹದಿಹರೆಯದ ಮಗನೊಡನೆ ನಗರದ ರಕ್ಷಣೆಗೆ ನಿಂತ. ನಗರ ಬಿದ್ದ ಮೇಲೆ ಅಪ್ಪ ಮಗ ಇಬ್ಬರೂ ತಪ್ಪಿಸಿಕೊಂಡು ಗಣರಾಜ್ಯದ ಸೇನೆಯನ್ನೇ ಸೇರಿದರು. ಆ ಯುದ್ಧಗಳಲ್ಲಿ ಮಗ ಮಡಿದ. ಐವತ್ತರ ಹೊಸ್ತಿಲಿನಲ್ಲಿದ್ದ ಜಕಾರ್ಡ್ ಬರಿಗೈಯಲ್ಲಿ ಲಿಯೋನಿಗೆ ಮರಳಿದ.

ಬೇರೆಯವರಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತೇನೋ. ಜಕಾರ್ಡನ ನಿಜವಾದ ಬದುಕು ಆರಂಭವಾದದ್ದು ಈ ಹಂತದಲ್ಲಿ. 1800ರಲ್ಲಿ ಸುಧಾರಿತ ಮಗ್ಗವೊಂದಕ್ಕೆ ಆತ ಹಕ್ಕುಪತ್ರ ಪಡೆದ. 1801ರಲ್ಲಿ ಪ್ಯಾರಿಸ್ಸಿನ ಕೈಗಾರಿಕಾ ಪ್ರದರ್ಶನದಲ್ಲಿ ಅದಕ್ಕೆ ಕಂಚಿನ ಪದಕ ದೊರೆಯಿತು. ಮೀನಿನ ಬಲೆ ಹೆಣೆಯುವ ಯಂತ್ರವೊಂದನ್ನೂ ಆತ ರೂಪಿಸಿದ. ಇದರಿಂದಾಗಿ ಪ್ಯಾರಿಸ್ಸಿನ ಕಲೆ ಮತ್ತು ಕೈಕಸುಬುಗಳ ಸಂಗ್ರಹಾಲಯದಿಂದ ಆತನಿಗೆ ಕರೆ ಬಂತು.

ಹಳೆಯ ಯಂತ್ರ, ಹೊಸ ಕಣ್ಣು

ಆ ಸಂಗ್ರಹಾಲಯದಲ್ಲಿ ಜಾಕ್ ದ ವೋಕಾನ್ಸನ್ 1740ರ ದಶಕದಲ್ಲಿ ರೂಪಿಸಿದ್ದ ಮಗ್ಗವೊಂದು ಮೂಲೆಗುಂಪಾಗಿತ್ತು. ರಂಧ್ರ ಕೊರೆದ ಕಾಗದವನ್ನು ಸುತ್ತಿದ ಉರುಳೆಯೊಂದು ಎಳೆಗಳನ್ನು ಆರಿಸುವ ಏರ್ಪಾಟು ಅದರಲ್ಲಿತ್ತು. ಅದಕ್ಕೂ ಮೊದಲೇ, 1725ರಲ್ಲಿ, ಲಿಯೋನಿನ ಬಾಸಿಲ್ ಬುಷೋಂ ರಂಧ್ರ ಕೊರೆದ ಕಾಗದದ ಸುರುಳಿಯನ್ನು ಬಳಸಿದ್ದ. 1728ರಲ್ಲಿ ಫಾಲ್ಕೋಂ ಎಂಬಾತ ಸುರುಳಿಯ ಬದಲು ಒಂದಕ್ಕೊಂದು ಪೋಣಿಸಿದ ರಟ್ಟಿನ ಹಾಳೆಗಳನ್ನು ತಂದಿದ್ದ. ಬುಷೋಂ ಮತ್ತು ಫಾಲ್ಕೋಂ ಅವರ ಯಂತ್ರಗಳಿಗೆ ಸಹಾಯಕನ ಕೈ ಬೇಕೇಬೇಕಿತ್ತು. ವೋಕಾನ್ಸನ್ನನ ಉರುಳೆಗೆ ಸಹಾಯಕ ಬೇಕಿರಲಿಲ್ಲ, ಆದರೆ ಅದರ ಸುತ್ತಳತೆಗಿಂತ ಉದ್ದವಾದ ಚಿತ್ತಾರವನ್ನು ಅದು ನೇಯಲಾರದಾಗಿತ್ತು.

ಜಕಾರ್ಡ್ ಮಾಡಿದ್ದು ಈ ಬಿಡಿಭಾಗಗಳನ್ನು ಒಂದುಗೂಡಿಸುವ ಕೆಲಸ. ಫಾಲ್ಕೋಂನ ರಟ್ಟಿನ ಸರಪಳಿಯನ್ನೂ ವೋಕಾನ್ಸನ್ನನ ಸ್ವಯಂಚಾಲನೆಯನ್ನೂ ಬೆಸೆದು, ದುಂಡನೆಯ ಉರುಳೆಯ ಜಾಗದಲ್ಲಿ ನಾಲ್ಕು ಮುಖದ ದಿಂಡನ್ನು ಕೂರಿಸಿದ. ಸರಪಳಿಗೆ ಎಷ್ಟು ರಟ್ಟನ್ನು ಬೇಕಾದರೂ ಪೋಣಿಸಬಹುದಾದ್ದರಿಂದ ಚಿತ್ತಾರದ ಉದ್ದಕ್ಕೆ ಇದ್ದ ತಡೆ ಹೋಯಿತು. 1804ರ ವೇಳೆಗೆ ಯಂತ್ರ ಒಂದು ರೂಪಕ್ಕೆ ಬಂತು.

ಅದರ ಕೆಲಸದ ಬಗೆ ಸರಳ. ಹಾಸಿನ ಎಳೆಗಳನ್ನು ಎತ್ತುವ ಪ್ರತಿಯೊಂದು ಕೊಕ್ಕೆಗೂ ಒಂದು ಸೂಜಿಯ ಕಾವಲು. ಪ್ರತಿ ಹೊಕ್ಕಿಗೂ ಒಂದು ರಟ್ಟು ಬಂದು ಆ ಸೂಜಿಗಳನ್ನು ಒತ್ತುತ್ತದೆ. ರಟ್ಟಿನಲ್ಲಿ ರಂಧ್ರವಿದ್ದಲ್ಲಿ ಸೂಜಿ ಒಳಹೊಕ್ಕು ಕೊಕ್ಕೆ ತನ್ನ ಸ್ಥಾನದಲ್ಲಿಯೇ ನಿಲ್ಲುತ್ತದೆ, ಎತ್ತುಪಟ್ಟಿ ಅದನ್ನು ಮೇಲಕ್ಕೆ ಒಯ್ಯುತ್ತದೆ. ರಂಧ್ರವಿಲ್ಲದಲ್ಲಿ ಸೂಜಿ ಹಿಂದೆ ಸರಿದು ಕೊಕ್ಕೆಯನ್ನು ಪಟ್ಟಿಯ ಹಾದಿಯಿಂದ ತಪ್ಪಿಸುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ರಂಧ್ರ ಇದೆ ಅಥವಾ ಇಲ್ಲ, ಎಳೆ ಮೇಲೆ ಅಥವಾ ಕೆಳಗೆ. ಇಂದಿನ ಗಣಕಯಂತ್ರದ ಒಂದು ಮತ್ತು ಸೊನ್ನೆಯ ಲೆಕ್ಕವೂ ಇದೇ ಅಲ್ಲವೇ? ಚಿತ್ತಾರ ಬದಲಾಗಬೇಕಾದರೆ ಮಗ್ಗವನ್ನು ಬಿಚ್ಚಬೇಕಿಲ್ಲ, ರಟ್ಟಿನ ಸರಪಳಿಯನ್ನು ಬದಲಿಸಿದರೆ ಸಾಕು. ಯಂತ್ರ ಒಂದೇ, ಕೆಲಸ ಹಲವು.

ಇತಿಮಿತಿಯೊಳಗಿನ ಚಿತ್ತಾರ

ಹಾಗೆಂದು ಈ ಮಗ್ಗದ ಮೇಲೆ ಮನಸ್ಸಿಗೆ ಬಂದುದನ್ನೆಲ್ಲ ನೇಯಲಾಗದು. ಚಿತ್ತಾರಗಾರ ಕುಂಚ ಹಿಡಿಯುವ ಮೊದಲೇ ಮಗ್ಗದ ಇತಿಮಿತಿಗಳ ಪಟ್ಟಿ ಆತನ ಮುಂದಿರಬೇಕು.

ಮೊದಲನೆಯದು ಕೊಕ್ಕೆಗಳ ಸಂಖ್ಯೆ. ಯಂತ್ರದಲ್ಲಿ 400 ಕೊಕ್ಕೆಗಳಿದ್ದರೆ ಚಿತ್ತಾರದ ಒಂದು ಆವೃತ್ತಿ 400 ಎಳೆಗಳ ಅಗಲವನ್ನು ಮೀರುವಂತಿಲ್ಲ. ಹಾಸಿನಲ್ಲಿ 4,800 ಎಳೆಗಳಿದ್ದರೆ ಅದೇ ಹೂವು ಬಟ್ಟೆಯ ಅಗಲಕ್ಕೆ 12 ಬಾರಿ ಮರುಕಳಿಸುತ್ತದೆ. ಎರಡನೆಯದು ಎಳೆಗಳ ಸಾಂದ್ರತೆ. ಒಂದಂಗುಲಕ್ಕೆ ಹಾಸಿನ ಎಳೆ ಎಷ್ಟು, ಹೊಕ್ಕು ಎಷ್ಟು ಎಂಬುದಕ್ಕೆ ಹೊಂದುವ ಚೌಕುಳಿ ಹಾಳೆಯ ಮೇಲೆಯೇ ಚಿತ್ತಾರವನ್ನು ಬರೆಯಬೇಕು. ಇಲ್ಲವಾದರೆ ಹಾಳೆಯ ಮೇಲಿನ ದುಂಡು ಮಲ್ಲಿಗೆ ಬಟ್ಟೆಯ ಮೇಲೆ ಮೊಟ್ಟೆಯಾಕಾರ ತಳೆಯುತ್ತದೆ. ಮೂರನೆಯದು ಬಂಧ. ಹೊಕ್ಕಿನ ಎಳೆ ಬಹಳ ದೂರ ಎಲ್ಲಿಯೂ ಸಿಕ್ಕಿಕೊಳ್ಳದೆ ತೇಲಿಹೋದರೆ ಬಟ್ಟೆ ಸಡಿಲವಾಗಿ, ಉಗುರು ತಾಗಿದರೂ ಕಿತ್ತುಬರುತ್ತದೆ. ಆದ್ದರಿಂದ ದೊಡ್ಡ ಎಲೆಯ ನಡುವೆಯೂ ಅಲ್ಲಲ್ಲಿ ಕಟ್ಟುಚುಕ್ಕೆ ಇಡಬೇಕು. ನಾಲ್ಕನೆಯದು ಸಮಯ. ರಟ್ಟು ಸೂಜಿಗಳನ್ನು ಪೂರ್ತಿಯಾಗಿ ಒತ್ತಿ ನಿಂತ ಮೇಲೆಯೇ ಎತ್ತುಪಟ್ಟಿ ಏಳಬೇಕು. ಅವಸರ ಮಾಡಿದರೆ ಕೊಕ್ಕೆ ತಪ್ಪುತ್ತದೆ, ಚಿತ್ತಾರ ಕೆಡುತ್ತದೆ.

ಈ ಮಿತಿಗಳು ಚಿತ್ತಾರಗಾರನ ಶತ್ರುಗಳಲ್ಲ. ಯಂತ್ರ ಏನು ಮಾಡಬಲ್ಲದು ಎಂಬುದನ್ನು ಮೊದಲೇ ತಿಳಿಸಿ, ರೇಷ್ಮೆ ಹಾಳಾಗುವುದನ್ನು ತಪ್ಪಿಸುವ ಹಿತೈಷಿಗಳು.

ಗೌರವವೂ ಆಕ್ರೋಶವೂ

1805ರ ಏಪ್ರಿಲಿನಲ್ಲಿ ಲಿಯೋನಿಗೆ ಬಂದ ಚಕ್ರವರ್ತಿ ನೆಪೋಲಿಯನ್ ಈ ಮಗ್ಗವನ್ನು ಕಂಡು ಮೆಚ್ಚಿದ. ಯಂತ್ರದ ಹಕ್ಕನ್ನು ವ್ಯಕ್ತಿಯೊಬ್ಬನಿಗೆ ಬಿಡದೆ ಲಿಯೋನ್ ನಗರಕ್ಕೆ ವಹಿಸಲಾಯಿತು. ಜಕಾರ್ಡನಿಗೆ ವರ್ಷಕ್ಕೆ 3,000 ಫ್ರಾಂಕ್ ಜೀವಾವಧಿ ವೇತನವೂ ಕೆಲವು ವರ್ಷಗಳ ಕಾಲ ಬಳಕೆಗೆ ಬರುವ ಒಂದೊಂದು ಮಗ್ಗಕ್ಕೆ 50 ಫ್ರಾಂಕ್ ಗೌರವಧನವೂ ಗೊತ್ತಾದವು. ಕೋಟ್ಯಧೀಶನಾಗುವ ದಾರಿ ಅದಾಗಿರಲಿಲ್ಲ. ಆದರೆ ಇಡೀ ನಗರದ ನೇಕಾರರಿಗೆ ಯಂತ್ರ ದಕ್ಕುವ ದಾರಿ ಅದಾಯಿತು.

ನೇಕಾರರು ಮಾತ್ರ ಮೊದಲಿಗೆ ಕೃತಜ್ಞರಾಗಲಿಲ್ಲ. ಇಬ್ಬರ ಕೆಲಸವನ್ನು ಒಬ್ಬನೇ ಮಾಡುವಂತಾದರೆ ಎರಡನೆಯವನ ಹೊಟ್ಟೆಪಾಡೇನು ಎಂಬ ಪ್ರಶ್ನೆ ಎದ್ದಿತು. ಜಕಾರ್ಡನ ಮೇಲೆ ಹಲ್ಲೆಯ ಯತ್ನಗಳಾದವು, ಆತನ ಮಗ್ಗವನ್ನು ನಗರದ ಚೌಕದಲ್ಲಿ ಬಹಿರಂಗವಾಗಿ ಒಡೆದು ಸುಟ್ಟರು ಎಂಬ ಕಥೆ ಲಿಯೋನಿನಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಕಥೆಯ ವಿವರಗಳಲ್ಲಿ ಉತ್ಪ್ರೇಕ್ಷೆ ಇರಬಹುದು, ಭಯದಲ್ಲಿ ಇರಲಿಲ್ಲ. ಕೈಕಸುಬನ್ನೇ ನಂಬಿದವರ ಮುಂದೆ ಯಂತ್ರ ಬಂದು ನಿಂತಾಗಲೆಲ್ಲ ಈ ಭಯ ಮರುಕಳಿಸಿದೆ.

ಯಂತ್ರದಲ್ಲಿ ದೋಷಗಳೂ ಇದ್ದವು. 1815ರ ಸುಮಾರಿಗೆ ಬ್ರೆತೋಂ ಎಂಬ ತಂತ್ರಜ್ಞ ರಟ್ಟಿನ ಚಲನೆಯ ತೊಡಕುಗಳನ್ನು ಪರಿಹರಿಸಿದ ಬಳಿಕವೇ ಅದು ವ್ಯಾಪಕವಾಗಿ ಹರಡಿತು. ಹೀಗೆ ಜಕಾರ್ಡನ ಹೆಸರು ಹೊತ್ತ ಯಂತ್ರದ ಹಿಂದೆ ಕನಿಷ್ಠ ನಾಲ್ಕೈದು ಮಂದಿಯ ದುಡಿಮೆಯಿದೆ. ಬಿಡಿಬಿಡಿಯಾಗಿದ್ದ ಯೋಚನೆಗಳನ್ನು ಕೆಲಸ ಮಾಡುವ ಒಂದು ಯಂತ್ರವಾಗಿ ಕೂಡಿಸಿದ್ದು ಜಕಾರ್ಡನ ಹಿರಿಮೆ.

1819ರಲ್ಲಿ ಆತನಿಗೆ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಸಂದಿತು. ಕೊನೆಗಾಲವನ್ನು ಆತ ಲಿಯೋನಿನ ಬಳಿಯ ಊಲ್ಯಾಂ ಎಂಬ ಊರಿನಲ್ಲಿ ಕಳೆದ. ಅಷ್ಟರಲ್ಲಿ ಲಿಯೋನಿನ ರೇಷ್ಮೆ ನೇಕಾರರು 1831ರಲ್ಲಿಯೂ 1834ರಲ್ಲಿಯೂ ಬಂಡೆದ್ದರು. ಈ ಬಾರಿ ಅವರ ಸಿಟ್ಟು ಇದ್ದುದು ಯಂತ್ರದ ಮೇಲಲ್ಲ. ವ್ಯಾಪಾರಿಗಳು ಕೊಡುತ್ತಿದ್ದ ಕಡಿಮೆ ಕೂಲಿಯ ಮೇಲೆ. ಎರಡನೆಯ ದಂಗೆ ರಕ್ತಪಾತದಲ್ಲಿ ಕೊನೆಗೊಂಡ ಕೆಲವೇ ತಿಂಗಳುಗಳಲ್ಲಿ, 1834ರ ಆಗಸ್ಟ್ 7ರಂದು, ಜಕಾರ್ಡ್ ಕಣ್ಣುಮುಚ್ಚಿದ. 1840ರಲ್ಲಿ ಲಿಯೋನ್ ನಗರ ಆತನ ಪ್ರತಿಮೆಯನ್ನು ನಿಲ್ಲಿಸಿತು.

ರಟ್ಟಿನಿಂದ ಸಿಲಿಕಾನಿಗೆ

ಜಕಾರ್ಡನ ನಿಜವಾದ ಸ್ಮಾರಕ ಮಾತ್ರ ಬೇರೆಯೇ. 1839ರಲ್ಲಿ ಲಿಯೋನಿನ ನೇಕಾರನೊಬ್ಬ ಜಕಾರ್ಡನ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದ. ಅದಕ್ಕೆ ಬೇಕಾದ ರಟ್ಟುಗಳು ಸುಮಾರು 24,000. ನೋಡಿದವರು ಅದನ್ನು ಅಚ್ಚುಹಾಕಿದ ಚಿತ್ರವೆಂದೇ ಭ್ರಮಿಸುತ್ತಿದ್ದರು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ತರಿಸಿಕೊಂಡು ಮನೆಗೆ ಬಂದ ಅತಿಥಿಗಳಿಗೆ ತೋರಿಸುತ್ತಿದ್ದ. ತಾನು ಯೋಜಿಸಿದ್ದ ವಿಶ್ಲೇಷಕ ಯಂತ್ರಕ್ಕೆ ಆತ ಆರಿಸಿಕೊಂಡದ್ದು ಜಕಾರ್ಡನ ರಟ್ಟುಗಳನ್ನೇ. 1843ರಲ್ಲಿ ಅದಾ ಲವ್‌ಲೇಸ್ ಆ ಯಂತ್ರದ ಕುರಿತು ಬರೆದ ಟಿಪ್ಪಣಿಗಳಲ್ಲಿಯೂ ಈ ಮಗ್ಗದ ಹೋಲಿಕೆ ಬರುತ್ತದೆ. ಅಮೆರಿಕದ 1890ರ ಜನಗಣತಿಯಲ್ಲಿ ಹರ್ಮನ್ ಹಾಲೆರಿತ್ ರಂಧ್ರ ಕೊರೆದ ಕಾರ್ಡುಗಳಿಂದಲೇ ಎಣಿಕೆ ಮಾಡಿದ. ಇಪ್ಪತ್ತನೆಯ ಶತಮಾನದಲ್ಲಿ ಹಲವು ದಶಕಗಳ ಕಾಲ ಬಹಳಷ್ಟು ಗಣಕಯಂತ್ರಗಳು ಕಾರ್ಡುಗಳ ಮೂಲಕ ಆಜ್ಞೆ ಪಡೆದವು.

1970ರ ದಶಕದಲ್ಲಿ ಇದೇ ತತ್ವ ಸಿಲಿಕಾನ್ ಚಿಪ್ಪಿನ ಒಳಗೆ ಬೇರೂರಿತು. ಅಡ್ಡಗೆರೆ ಉದ್ದಗೆರೆಗಳ ಜಾಲ, ಅವು ಕೂಡುವಲ್ಲಿ ಸಣ್ಣ ಫ್ಯೂಸ್. ಉಳಿಸಿದರೆ ಸಂಪರ್ಕ, ಸುಟ್ಟರೆ ಇಲ್ಲ. ಹಾಸುಹೊಕ್ಕಿನ ಇನ್ನೊಂದು ಅವತಾರವೇ ಇದು. 1978ರಲ್ಲಿ ಮಾನೊಲಿಥಿಕ್ ಮೆಮೊರೀಸ್ ಸಂಸ್ಥೆಯ ಪಿಎಎಲ್ ಚಿಪ್ಪುಗಳು ಬಂದವು. 1985ರಲ್ಲಿ ಝೈಲಿಂಕ್ಸ್ ಸಂಸ್ಥೆ 64 ತರ್ಕಘಟಕಗಳ ಮೊದಲ ಎಫ್‌ಪಿಜಿಎ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಅದರ ಕಲ್ಪನೆ ರಾಸ್ ಫ್ರೀಮನ್‌ನದು. ಜಕಾರ್ಡ್ ತನ್ನ ಯಶಸ್ಸನ್ನು ಕಂಡು ಮಡಿದ. ಫ್ರೀಮನ್‌ಗೆ ಆ ಭಾಗ್ಯವಿರಲಿಲ್ಲ. 1989ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ ಆತ ತೀರಿಕೊಂಡ.

ಇಂದಿನ ಎಫ್‌ಪಿಜಿಎಗಳಲ್ಲಿ ಲಕ್ಷಗಟ್ಟಲೆ ತರ್ಕಘಟಕಗಳಿವೆ. ಆದರೂ ವಿನ್ಯಾಸಗಾರನ ಮುಂದಿರುವ ಪಟ್ಟಿ ಚೌಕುಳಿ ಹಾಳೆಯ ಕಾಲದ್ದೇ. ಚಿಪ್ ಏನು ಮಾಡಬೇಕು ಎಂಬುದನ್ನು ವೆರಿಲಾಗ್ ಅಥವಾ ವಿಎಚ್‌ಡಿಎಲ್ ಭಾಷೆಯಲ್ಲಿ ಬರೆದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಕನ್‌ಸ್ಟ್ರೈಂಟ್ ಕಡತ, ಎಂದರೆ ವಿನ್ಯಾಸದ ಇತಿಮಿತಿಗಳ ಪಟ್ಟಿ. ಯಾವ ಸಂಕೇತ ಚಿಪ್ಪಿನ ಯಾವ ಪಿನ್ನಿಗೆ ಬರಬೇಕು, ಆ ಪಿನ್ನಿನ ವೋಲ್ಟೇಜ್ 3.3 ಆಗಿರಬೇಕೇ 1.8 ಆಗಿರಬೇಕೇ, ಗಡಿಯಾರದ ಮಿಡಿತ ಎಷ್ಟು ವೇಗ ಎಂಬುದೆಲ್ಲ ಅದರಲ್ಲಿರಬೇಕು. ಸೆಕೆಂಡಿಗೆ 10 ಕೋಟಿ ಮಿಡಿತಗಳ ಗಡಿಯಾರವಾದರೆ ಒಂದು ಮಿಡಿತಕ್ಕೆ ಸಿಗುವ ಅವಧಿ 10 ನ್ಯಾನೋಸೆಕೆಂಡ್. ಅಷ್ಟರೊಳಗೆ ಸಂಕೇತ ಒಂದು ಘಟಕದಿಂದ ಹೊರಟು, ದಾರಿಯ ತರ್ಕವನ್ನೆಲ್ಲ ದಾಟಿ, ಮುಂದಿನ ಮಿಡಿತಕ್ಕೆ ತುಸು ಮುಂಚೆಯೇ ಬಂದು ಸ್ಥಿರವಾಗಬೇಕು. ಎತ್ತುಪಟ್ಟಿ ಏಳುವ ಮೊದಲು ರಟ್ಟು ಸೂಜಿಗಳನ್ನು ಒತ್ತಿ ನಿಲ್ಲಬೇಕಾದ ನಿಯಮವೇ ಇದು.

ಈ ಪಟ್ಟಿಯಲ್ಲಿ ಗಡಿಯಾರದ ಸಾಲನ್ನೇ ಬರೆಯದೆ ಬಿಟ್ಟರೆ ತಂತ್ರಾಂಶಕ್ಕೆ ಗುರಿಯೇ ತಿಳಿಯದು. ಘಟಕಗಳನ್ನು ಎಲ್ಲೆಲ್ಲೋ ಕೂರಿಸಿ, ದಾರಿಗಳನ್ನು ಸುತ್ತುಬಳಸಿ ಎಳೆದರೂ ಸಮಯದ ವರದಿಯಲ್ಲಿ ದೋಷ ಕಾಣಿಸದಿರಬಹುದು. ಪ್ರಯೋಗಾಲಯದ ಮೇಜಿನ ಮೇಲೆ ಸರಿಯಾಗಿ ನಡೆದ ಚಿಪ್ ಬಿಸಿಲಿನ ಧಗೆಯಲ್ಲಿ ಮುಗ್ಗರಿಸುವುದು ಆಗಲೇ. ಅಗತ್ಯಕ್ಕಿಂತ ಬಿಗಿಯಾದ ಮಿತಿ ಹಾಕಿದರೆ ಇನ್ನೊಂದು ತೊಂದರೆ. ಬೇಡದ ವೇಗಕ್ಕಾಗಿ ತಂತ್ರಾಂಶ ಗಂಟೆಗಟ್ಟಲೆ ಹೆಣಗಿ, ಚಿಪ್ಪಿನ ಜಾಗವನ್ನೂ ವಿದ್ಯುತ್ತನ್ನೂ ಪೋಲು ಮಾಡುತ್ತದೆ. ಎಳೆ ಸಡಿಲವಾದರೂ ಬಟ್ಟೆ ಕೆಡುತ್ತದೆ, ಅತಿಯಾಗಿ ಬಿಗಿದರೂ ಹರಿಯುತ್ತದೆ. ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋದ ಉಪಗ್ರಹಗಳಲ್ಲಿ, ದೂರವಾಣಿ ಜಾಲಗಳಲ್ಲಿ, ವೈದ್ಯಕೀಯ ಸ್ಕ್ಯಾನಿಂಗ್ ಯಂತ್ರಗಳಲ್ಲಿ ಇಂಥ ಚಿಪ್ಪುಗಳು ದುಡಿಯುತ್ತಿವೆ. 1958ರಲ್ಲಿ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜಿನಂಥ ವಿದ್ಯಾಲಯಗಳು ಕಲಬುರಗಿಯಲ್ಲಿಯೇ ಇವೆ. ಎಲೆಕ್ಟ್ರಾನಿಕ್ಸ್ ಕಲಿಯುವ ವಿದ್ಯಾರ್ಥಿಗಳ ಪಾಠದಲ್ಲಿ ವೆರಿಲಾಗ್ ಬರುತ್ತದೆ, ಬೂಲನ ಬೀಜಗಣಿತ ಬರುತ್ತದೆ. ನೇಕಾರರ ಹೆಸರು ಹೊತ್ತ ಮೊಹಲ್ಲಾ ಅದೇ ಊರಿನಲ್ಲಿದ್ದರೂ ಮಗ್ಗದ ಪ್ರಸ್ತಾಪ ಬರುವುದು ಕಡಿಮೆ.

ಹದಿಮೂರರವರೆಗೆ ಅಕ್ಷರ ಅರಿಯದಿದ್ದ, ಆಸ್ತಿಯನ್ನೂ ಮಗನನ್ನೂ ಕಳೆದುಕೊಂಡ ನೇಕಾರನೊಬ್ಬ ಐವತ್ತು ದಾಟಿದ ಮೇಲೆ ಯಂತ್ರಕ್ಕೆ ಓದಲು ಬರುವ ಲಿಪಿಯೊಂದನ್ನು ಬಳಕೆಗೆ ತಂದ. ಬಾಗಿದ ಬೆನ್ನಿನ ಮಕ್ಕಳನ್ನು ಮಗ್ಗದ ಬದಿಯಿಂದ ಬಿಡಿಸಿದ ಆ ಯಂತ್ರವೇ ಅವರ ಮನೆಯ ಗಳಿಕೆಯನ್ನೂ ಕಸಿಯಿತು ಎಂಬುದು ಜಕಾರ್ಡನ ಬದುಕು ಉಳಿಸಿಹೋದ ಕಹಿಸತ್ಯ. ಎರಡು ಶತಮಾನಗಳಾಚೆಯೂ ದೊಡ್ಡಬಳ್ಳಾಪುರದ ಮಗ್ಗದ ಮೇಲೆ ಆತನ ಹೆಸರು ನಿಂತಿದೆ. ಬೆಂಗಳೂರಿನ ಚಿಪ್ಪುಗಳ ಒಳಗೆ ಆತನ ತತ್ವ ಹೆಸರಿಲ್ಲದೆ ಹಾಸುಹೊಕ್ಕಾಗಿದೆ.